ಜೀಪಿಗೆ ದೊಡ್ಡ ಟೈರು: ಕಾಡುಹಾದಿಗೆ ವರ, ಹೆದ್ದಾರಿಗೆ ಹೊರೆ?

ಬೆಂಗಳೂರು: ಹೊಸ ಫೋರ್ ವೀಲ್ ಡ್ರೈವ್ ಜೀಪು ಕೊಂಡವರ ಪೈಕಿ ಹಲವರು ಮಾಡುವ ಮೊದಲ ಕೆಲಸ ಕಂಪನಿ ಕೊಟ್ಟ ಟೈರುಗಳನ್ನು ಕಳಚಿಸುವುದು. ಆ ಜಾಗಕ್ಕೆ ಇನ್ನೂ ಎತ್ತರದ, ಇನ್ನೂ ಅಗಲದ, ದಪ್ಪ ಹಲ್ಲುಗಳ ಟೈರುಗಳು ಬರುತ್ತವೆ. ವಾಹನ ಗಂಭೀರವಾಗಿ ಕಾಣುತ್ತದೆ, ನೆಲದಿಂದ ಒಂದಿಷ್ಟು ಮೇಲೇಳುತ್ತದೆ. ಕೆಸರಿನಲ್ಲಿ ಸಿಕ್ಕಿಕೊಳ್ಳುವುದಿಲ್ಲವೆಂಬ ಧೈರ್ಯವೂ ಮಾಲೀಕರಿಗೆ ಮೂಡುತ್ತದೆ. ಆದರೆ ಈ ಬದಲಾವಣೆ ಬರೀ ಅಲಂಕಾರದ ವಿಷಯವಲ್ಲ. ಬ್ರೇಕು, ಗೇರು, ವೇಗಮಾಪಕ, ವಿಮೆ, ಕಾನೂನು ಎಲ್ಲಕ್ಕೂ ಅದರ ನಂಟಿದೆ. ಆ ನಂಟನ್ನು ಅರಿಯದೆ ಹಣ ಸುರಿಯುವವರೇ ಹೆಚ್ಚು ಎಂಬುದು ಇಲ್ಲಿನ ಸಮಸ್ಯೆ.

ತೋಟದಿಂದ ನಗರಕ್ಕೆ

ಕರ್ನಾಟಕದ ಮಟ್ಟಿಗೆ ಜೀಪು ಮೂಲತಃ ದುಡಿಮೆಯ ವಾಹನ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಗೊಬ್ಬರ, ಕಾಫಿ ಚೀಲ, ಕೂಲಿಯಾಳುಗಳನ್ನು ಹೊತ್ತು ಏರುತಗ್ಗುಗಳಲ್ಲಿ ಓಡಾಡುವುದು ಅದರ ಕಸುಬಾಗಿತ್ತು. ಮಹೀಂದ್ರಾ ಕಂಪನಿಯ ಹಳೆಯ ಜೀಪುಗಳೂ 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. ಅವುಗಳ ಟೈರು ಹೇಗಿದೆಯೆಂದು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಈಗ ಚಿತ್ರ ಬದಲಾಗಿದೆ. 2020ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಹೊಸ ಥಾರ್, 2023ರ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಜಿಮ್ನಿ, 2024ರ ಆಗಸ್ಟ್‌ನಲ್ಲಿ ಬಂದ ಥಾರ್ ರಾಕ್ಸ್ ಜೀಪನ್ನು ನಗರದ ವಾಹನವನ್ನಾಗಿ ಮಾಡಿವೆ. ವಾರದ ಐದು ದಿನ ಹೊರವರ್ತುಲ ರಸ್ತೆಯ ವಾಹನದಟ್ಟಣೆಯಲ್ಲಿ ತೆವಳುವ ಜೀಪು ವಾರಾಂತ್ಯದಲ್ಲಿ ಮಲೆನಾಡಿನ ಹಾದಿ ಹಿಡಿಯುತ್ತದೆ. ದೊಡ್ಡ ಟೈರಿನ ಆಸೆ ಹುಟ್ಟುವುದು ಆ ಎರಡು ದಿನಗಳಿಗಾಗಿ. ಅದರ ಪರಿಣಾಮವನ್ನು ಅನುಭವಿಸಬೇಕಾದದ್ದು ಉಳಿದ ಐದು ದಿನ.

ಅಂಕಿಗಳ ಭಾಷೆ

ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಲು ಬಂದರೆ ಅರ್ಧ ವಿಷಯ ತಿಳಿದಂತೆಯೇ. ಜಿಮ್ನಿಗೆ ಕಂಪನಿ ಕೊಡುವ ಟೈರು 195/80 ಆರ್15. ಇಲ್ಲಿ 195 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಪಕ್ಕೆಯ ಎತ್ತರ ಅಗಲದ ಶೇಕಡಾ 80ರಷ್ಟಿದೆ ಎಂದರ್ಥ. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಈ ಮೂರನ್ನು ಕೂಡಿಸಿ ಲೆಕ್ಕ ಹಾಕಿದರೆ ಟೈರಿನ ಒಟ್ಟು ವ್ಯಾಸ 693 ಮಿ.ಮೀ. ಆಗುತ್ತದೆ.

ಇದೇ ವಾಹನಕ್ಕೆ ಅನೇಕರು ಹಾಕಿಸುವ ಅಳತೆ 235/75 ಆರ್15. ಅದರ ವ್ಯಾಸ 733.5 ಮಿ.ಮೀ. ಅಂದರೆ ಸುಮಾರು 40 ಮಿ.ಮೀ. ಹೆಚ್ಚು, ಶೇಕಡಾವಾರು 5.8. ವ್ಯಾಸ 40 ಮಿ.ಮೀ. ಹೆಚ್ಚಿದರೂ ವಾಹನ ನೆಲದಿಂದ ಮೇಲೇಳುವುದು ಅದರ ಅರ್ಧ, ಅಂದರೆ 20 ಮಿ.ಮೀ. ಮಾತ್ರ. ಇನ್ನರ್ಧ ಆಕ್ಸಲ್‌ನ ಮೇಲ್ಭಾಗಕ್ಕೆ ಹೋಗುತ್ತದೆ. ಮಡ್‌ಗಾರ್ಡಿನೊಳಗೆ ಟೈರು ಉಜ್ಜುವ ಸಮಸ್ಯೆ ಹುಟ್ಟುವುದು ಅಲ್ಲಿಂದಲೇ.

ಥಾರ್‌ನ ಲೆಕ್ಕವೂ ಇದಕ್ಕಿಂತ ಬಹಳ ಭಿನ್ನವಲ್ಲ. 2020ರ ಥಾರ್‌ಗೆ ಕಂಪನಿ ಎರಡು ಅಳತೆಗಳನ್ನು ಕೊಟ್ಟಿತು: 245/75 ಆರ್16 ಮತ್ತು 255/65 ಆರ್18. ಎರಡನೆಯದರ ವ್ಯಾಸ ಸುಮಾರು 789 ಮಿ.ಮೀ. ಇದರ ಬದಲಿಗೆ 285/65 ಆರ್18 ಹಾಕಿದರೆ ವ್ಯಾಸ ಸುಮಾರು 828 ಮಿ.ಮೀ.ಗೆ ಏರುತ್ತದೆ. ಹೆಚ್ಚಳ ಶೇ. 4.9, ನೆಲದಿಂದ ಸಿಗುವ ಲಾಭ ಇಲ್ಲಿಯೂ 20 ಮಿ.ಮೀ.ಗಿಂತ ತುಸು ಕಡಿಮೆಯೇ. ಸಾವಿರಾರು ರೂಪಾಯಿ ಖರ್ಚು ಮಾಡಿ ಪಡೆಯುವ ಎತ್ತರ ಹೆಬ್ಬೆರಳಿನ ಅಗಲದಷ್ಟು ಎಂಬುದನ್ನು ಮೊದಲು ಮನಗಾಣಬೇಕು.

ಲಾಭ ಇಲ್ಲದಿಲ್ಲ

ಹಾಗೆಂದು ದೊಡ್ಡ ಟೈರಿನ ಬಯಕೆಯನ್ನು ಶೋಕಿಯೆಂದು ತಳ್ಳಿಹಾಕುವುದು ತಪ್ಪಾದೀತು. ಅದರ ಹಿಂದೆ ಗಟ್ಟಿ ತಾಂತ್ರಿಕ ಕಾರಣವೊಂದಿದೆ. ಜಿಮ್ನಿಯ ಎರಡೂ ಕಡೆ, ಥಾರ್‌ನ ಹಿಂಭಾಗದಲ್ಲಿ ಇರುವುದು ಒಂದೇ ತುಂಡಿನ ಗಟ್ಟಿ ಆಕ್ಸಲ್. ಅದರ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಗಡ್ಡೆಯೇ ಕಲ್ಲುಹಾದಿಯಲ್ಲಿ ಮೊದಲು ತಗಲುವ ಭಾಗ. ಉದ್ದ ಸ್ಪ್ರಿಂಗ್ ಹಾಕಿ ವಾಹನವನ್ನು ಎಷ್ಟೇ ಎತ್ತರಿಸಿದರೂ ಈ ಗಡ್ಡೆ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಕೂತಿರುವುದು ಚಕ್ರಗಳ ನಡುವೆ, ಸ್ಪ್ರಿಂಗಿನ ಕೆಳಗೆ. ಅದನ್ನು ನೆಲದಿಂದ ಮೇಲೆತ್ತಲು ಇರುವ ಸರಳ ಮಾರ್ಗ ದೊಡ್ಡ ವ್ಯಾಸದ ಟೈರು. ಕಲ್ಲುಗಾಡಿನಲ್ಲಿ ಆ 20 ಮಿ.ಮೀ. ಕೆಲವೊಮ್ಮೆ ದಾಟುವುದಕ್ಕೂ ಸಿಕ್ಕಿಕೊಳ್ಳುವುದಕ್ಕೂ ನಡುವಿನ ಅಂತರವಾಗಬಲ್ಲದು.

ಎತ್ತರದ ಪಕ್ಕೆಯಿಂದ ಇನ್ನೊಂದು ಉಪಯೋಗವಿದೆ. ಗಾಳಿಯನ್ನು ಇಳಿಸಿದಾಗ ಅಂತಹ ಟೈರು ಹೆಚ್ಚು ಚಪ್ಪಟೆಯಾಗಿ ನೆಲವನ್ನು ತಬ್ಬಿಕೊಳ್ಳುತ್ತದೆ. ಮರಳಿನಲ್ಲಿ, ಸಡಿಲ ಮಣ್ಣಿನಲ್ಲಿ ಹಿಡಿತ ಹೆಚ್ಚುತ್ತದೆ. ವ್ಯಾಸ ಹೆಚ್ಚಿದಷ್ಟೂ ಹೊಂಡದೊಳಗೆ ಚಕ್ರ ಇಳಿಯುವುದು ಕಡಿಮೆಯಾಗಿ ಕುಲುಕಾಟವೂ ತಗ್ಗುತ್ತದೆ. ವರ್ಷಪೂರ್ತಿ ಹದಗೆಟ್ಟ ಹಾದಿಯಲ್ಲೇ ಓಡಾಡಬೇಕಾದ ತೋಟದ ಮಾಲೀಕನಿಗೆ ಇವೆಲ್ಲ ನಿಜವಾದ ಅನುಕೂಲಗಳು.

ಮರೆಯಲ್ಲಿರುವ ಬೆಲೆ

ಬೆಲೆ ತೆರಬೇಕಾಗುವುದು ಡಾಂಬರು ರಸ್ತೆಯ ಮೇಲೆ. ಮೊದಲನೆಯದು ಗೇರಿನ ಲೆಕ್ಕ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ವಾಹನ ಹೆಚ್ಚು ದೂರ ಸಾಗುತ್ತದೆ. ಆದರೆ ಅದನ್ನು ತಿರುಗಿಸಲು ಎಂಜಿನ್ ಹೆಚ್ಚು ಶ್ರಮಪಡಬೇಕು. ಜಿಮ್ನಿಯ ಉದಾಹರಣೆಯಲ್ಲಿ ನೆಲವನ್ನು ತಳ್ಳುವ ಬಲ ಪ್ರತಿ ಗೇರಿನಲ್ಲೂ ಸುಮಾರು ಶೇ. 5.5ರಷ್ಟು ತಗ್ಗುತ್ತದೆ. ಒಂದೂವರೆ ಲೀಟರಿನ, 134 ನ್ಯೂಟನ್ ಮೀಟರ್ ಟಾರ್ಕ್‌ನ ಪೆಟ್ರೋಲ್ ಎಂಜಿನ್ನಿಗೆ ಇದು ಸಣ್ಣ ನಷ್ಟವಲ್ಲ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ತುಂಬಿದ ವಾಹನದಲ್ಲಿ ಏರುವಾಗ ಒಂದು ಗೇರು ಕೆಳಗಿಳಿಸಬೇಕಾದ ಪ್ರಸಂಗ ಪದೇ ಪದೇ ಬರುತ್ತದೆ. ಡೀಸೆಲ್ ಥಾರ್‌ನಂತಹ ಬಲಶಾಲಿ ಎಂಜಿನ್ನಿನಲ್ಲಿ ಇದು ಅಷ್ಟಾಗಿ ಗೊತ್ತಾಗದು.

ಎರಡನೆಯದು ಬ್ರೇಕು, ಎಲ್ಲಕ್ಕಿಂತ ಮುಖ್ಯವಾದದ್ದು. ಬ್ರೇಕ್ ಡಿಸ್ಕು, ಡ್ರಮ್ಮು ಹಳೆಯ ಅಳತೆಯವೇ. ಅವು ತಡೆಯಬೇಕಾದ ಚಕ್ರ ಮಾತ್ರ ದೊಡ್ಡದು. ಅದೇ ಒತ್ತಡಕ್ಕೆ ರಸ್ತೆಯ ಮೇಲೆ ಸಿಗುವ ತಡೆಬಲ ಅದೇ ಶೇ. 5.5ರಷ್ಟು ಕಡಿಮೆ. ಜೊತೆಗೆ ದಪ್ಪ ಹಲ್ಲಿನ ಟೈರು ಹಲವು ಕಿಲೋ ಹೆಚ್ಚು ತೂಗುತ್ತದೆ. ಆ ತೂಕವಿರುವುದು ಚಕ್ರದ ಅಂಚಿನಲ್ಲಿ. ಒಮ್ಮೆ ತಿರುಗತೊಡಗಿದರೆ ನಿಲ್ಲಿಸುವುದೂ ಕಷ್ಟ. ಪೆಡಲನ್ನು ಇನ್ನಷ್ಟು ಬಲವಾಗಿ ಒತ್ತಿದರೆ ಸಾಕಲ್ಲವೇ ಎನ್ನಬಹುದು. ಒಮ್ಮೆ ನಿಲ್ಲಿಸುವುದಾದರೆ ಸಾಕು. ಆದರೆ ಘಾಟಿಯಿಂದ ಹತ್ತಾರು ಕಿಲೋಮೀಟರು ಇಳಿಯುವಾಗ ಹೆಚ್ಚುವರಿ ಶಾಖ ಸೇರುತ್ತಾ ಹೋಗುತ್ತದೆ, ಕಾದ ಬ್ರೇಕಿನ ಹಿಡಿತ ಕುಂದುತ್ತದೆ.

ಇದಕ್ಕೆ ಟೈರಿನ ಸ್ವಭಾವವೂ ಸೇರುತ್ತದೆ. ಕೆಸರಿಗೆಂದೇ ತಯಾರಾದ ಟೈರಿನ ಹಲ್ಲುಗಳ ನಡುವೆ ಅಗಲವಾದ ಸಂದುಗಳಿರುತ್ತವೆ. ಕೆಸರು ಕಳಚಿ ಬೀಳಲೆಂದು ಮಾಡಿದ ಈ ಸಂದುಗಳಿಂದಾಗಿ ಡಾಂಬರಿಗೆ ತಾಗುವ ರಬ್ಬರು ಕಡಿಮೆಯಾಗುತ್ತದೆ. ಒದ್ದೆಯಾದ ನುಣುಪು ರಸ್ತೆಯಲ್ಲಿ ಹಿಡಿತ ಸಡಿಲಗೊಳ್ಳುವುದು, ಹೆದ್ದಾರಿಯಲ್ಲಿ ಗುಂಯ್‌ಗುಡುವ ಸದ್ದು ಏಳುವುದು ಇದರಿಂದಲೇ. ಮಳೆಗಾಲದ ಕರಾವಳಿ ರಸ್ತೆಯಲ್ಲಿ ತುರ್ತಾಗಿ ಬ್ರೇಕು ಹಾಕಬೇಕಾಗಿ ಬಂದಾಗ ಕಂಪನಿಯ ಸಾಮಾನ್ಯ ಟೈರೇ ಮೇಲಾಗಿರುವ ಸಾಧ್ಯತೆ ಹೆಚ್ಚು.

ಮೂರನೆಯದು ವೇಗಮಾಪಕ. ಚಕ್ರ ಎಷ್ಟು ಸುತ್ತು ತಿರುಗಿತೆಂಬುದನ್ನು ಎಣಿಸಿ ವೇಗ ತೋರಿಸುವ ಮೀಟರಿಗೆ ಟೈರು ದೊಡ್ಡದಾಗಿರುವುದು ಗೊತ್ತಾಗದು. ಶೇ. 5.8ರ ವ್ಯತ್ಯಾಸದಲ್ಲಿ ಚಕ್ರದ ಸುತ್ತಿನ ಲೆಕ್ಕಕ್ಕೆ ನೂರು ಕಿ.ಮೀ. ಆದಾಗ ವಾಹನ ನಿಜಕ್ಕೂ 105.8 ಕಿ.ಮೀ. ವೇಗದಲ್ಲಿರುತ್ತದೆ. ಕಂಪನಿಯ ಮೀಟರುಗಳು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಹೊಂದಿಸಿರುವುದರಿಂದ ಕೆಲವರಲ್ಲಿ ತಪ್ಪು ತಾನಾಗಿಯೇ ಸರಿಹೋಗುವುದೂ ಉಂಟು. ಆದರೆ ಆ ಸುರಕ್ಷತೆಯ ಅಂಚು ಮಾತ್ರ ಕರಗಿಹೋಯಿತು. ನೂರು ಕಿ.ಮೀ. ಮಿತಿಯಿರುವ ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾ ನೋಡುವುದು ನಿಜವಾದ ವೇಗವನ್ನೇ ಹೊರತು ಜೀಪಿನ ಮೀಟರನ್ನಲ್ಲ.

ದೂರದ ಲೆಕ್ಕವೂ ಹೀಗೆಯೇ ತಪ್ಪುತ್ತದೆ. ಮೀಟರು 10,000 ಕಿ.ಮೀ. ತೋರಿಸುವಾಗ ವಾಹನ ಓಡಿರುವುದು ಸುಮಾರು 10,580 ಕಿ.ಮೀ. ದೊಡ್ಡ ಟೈರು ಹಾಕಿದ ಮೇಲೆ ಮೈಲೇಜು ಕುಸಿಯಿತು ಎಂಬ ದೂರಿನಲ್ಲಿ ಒಂದಂಶ ಈ ಲೆಕ್ಕದ ತಪ್ಪೇ. ಉಳಿದದ್ದು ಮಾತ್ರ ತೂಕ ಮತ್ತು ಉರುಳುವ ಘರ್ಷಣೆಯಿಂದ ಬಂದ ನಿಜವಾದ ನಷ್ಟ.

ನಾಲ್ಕೂ ಒಂದೇ ಆಗಿರಬೇಕು

ಖರ್ಚು ಉಳಿಸಲು ಎರಡೇ ಟೈರು ಬದಲಾಯಿಸುವವರೂ, ಸ್ಟೆಪ್ನಿಯನ್ನು ಹಳೆಯದೇ ಇಟ್ಟುಕೊಳ್ಳುವವರೂ ಇದ್ದಾರೆ. ಇದು ಅಪಾಯಕಾರಿ ಉಳಿತಾಯ. ಥಾರ್, ಜಿಮ್ನಿಗಳ ಫೋರ್ ವೀಲ್ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲ್‌ಗಳು ಒಂದೇ ಗತಿಯಲ್ಲಿ ತಿರುಗಲೇಬೇಕು. ಮುಂದೊಂದು ವ್ಯಾಸ, ಹಿಂದೊಂದು ವ್ಯಾಸವಿದ್ದರೆ ನಡುವಿನ ಷಾಫ್ಟು ಮತ್ತು ಗೇರುಗಳು ಹಗ್ಗದಂತೆ ತಿರುಚಿಕೊಳ್ಳುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿ ಸಡಿಲವಾಗುತ್ತದೆ. ಗಟ್ಟಿ ನೆಲದಲ್ಲಿ ಸಡಿಲವಾಗಲು ದಾರಿಯೇ ಇಲ್ಲ. ಆದ್ದರಿಂದ ಹಾಕುವುದಾದರೆ ಐದೂ ಟೈರು ಒಂದೇ ಅಳತೆಯವಾಗಿರಬೇಕು. ಐದನೆಯದು ಹಿಂಬಾಗಿಲಿಗೆ ತೂಗುಬಿದ್ದಿರುವುದರಿಂದ ಬಾಗಿಲಿನ ಕೀಲುಗಳಿಗೂ ಹೊರೆ ಹೆಚ್ಚುತ್ತದೆ.

ಹೊರಚಾಚಿದ ರಿಮ್ಮು ಅಥವಾ ಸ್ಪೇಸರು ಹಾಕಿ ಟೈರನ್ನು ಮಡ್‌ಗಾರ್ಡಿನಿಂದಾಚೆ ತರುವ ರೂಢಿ ಇನ್ನೂ ಒಂದು ಹೆಜ್ಜೆ ಮುಂದಿನದು. ಚಕ್ರ ಹೊರಬಂದಷ್ಟೂ ಬೇರಿಂಗು ಮತ್ತು ಸ್ಟೀರಿಂಗ್ ಕೀಲುಗಳ ಮೇಲೆ ಸನ್ನೆಯಂತೆ ಭಾರ ಬೀಳುತ್ತದೆ. ಹೊರಗಿಣುಕಿದ ಟೈರು ಎಸೆಯುವ ಕಲ್ಲು ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ ಬಡಿಯಬಹುದು. ಜೀಪಿನೊಳಗೆ ಕುಳಿತವನಿಗೆ ಇದಾವುದೂ ಕಾಣಿಸದು.

ಹೊರೆ ಮತ್ತು ವೇಗದ ಗುರುತುಗಳನ್ನೂ ಗಮನಿಸುವುದು ಅಗತ್ಯ. ಟೈರಿನ ಮೇಲೆ 96 ಎಂಬ ಸಂಖ್ಯೆಯಿದ್ದರೆ ಅದು 710 ಕಿಲೋ ಹೊರಬಲ್ಲದು ಎಂದರ್ಥ. ಎಸ್ ಎಂಬ ಅಕ್ಷರ ಗಂಟೆಗೆ 180 ಕಿ.ಮೀ., ಕ್ಯೂ ಎಂಬುದು 160 ಕಿ.ಮೀ. ಗರಿಷ್ಠ ವೇಗವನ್ನು ಸೂಚಿಸುತ್ತದೆ. ಕೆಸರಿನ ಟೈರುಗಳಲ್ಲಿ ಹಲವು ಕ್ಯೂ ದರ್ಜೆಯವು. ಗಾತ್ರ ದೊಡ್ಡದಾದ ಮಾತ್ರಕ್ಕೆ ಸಾಮರ್ಥ್ಯವೂ ದೊಡ್ಡದೆಂದು ಭಾವಿಸುವಂತಿಲ್ಲ.

ಮಲೆನಾಡಿನ ಪಾಠ

ಕೆಸರನ್ನು ದಾಟಲು ಅಗಲದ ಟೈರೇ ಬೇಕೆಂಬ ನಂಬಿಕೆಯನ್ನು ಮಲೆನಾಡಿನ ಹಳೆಯ ಜೀಪುಗಳು ಎಂದೋ ಸುಳ್ಳು ಮಾಡಿವೆ. ಅವು ಓಡಿದ್ದು 6.00-16 ಅಳತೆಯ, ಅಂದರೆ ಸುಮಾರು ಆರು ಅಂಗುಲ ಅಗಲದ ಕಿರಿದಾದ ಟೈರುಗಳ ಮೇಲೆ. ಕಿರಿದಾದ ಟೈರು ಮೇಲಿನ ಲೊಳೆಗೆಸರನ್ನು ಸೀಳಿಕೊಂಡು ಅಡಿಯ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲದ ಟೈರು ಲೊಳೆಯ ಮೇಲೆಯೇ ತೇಲಿ ಜಾರುತ್ತದೆ. ಅಡಿಯಲ್ಲಿ ಗಟ್ಟಿ ನೆಲವೇ ಇಲ್ಲದ ಮರಳಿನಲ್ಲಿ ಮಾತ್ರ ತೇಲುವ ಗುಣ ಉಪಯೋಗಕ್ಕೆ ಬರುತ್ತದೆ. ಆಷಾಢದ ಮಳೆಯಲ್ಲಿ ಹಾದಿ ತೀರಾ ಕೆಟ್ಟಾಗ ಮಲೆನಾಡಿನ ಚಾಲಕರು ಹಿಂದಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಾರೆ, ಹಾದಿ ಮುಗಿದ ಮೇಲೆ ಬಿಚ್ಚಿಡುತ್ತಾರೆ. ಕೆಸರಿನಲ್ಲಿ ಬೇಕಾದ ಹಿಡಿತವನ್ನು ಕೆಸರಿಗಷ್ಟೇ ಸೀಮಿತಗೊಳಿಸುವ ಜಾಣತನ ಇದರಲ್ಲಿದೆ.

ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಬಾಡಿಗೆ ಜೀಪುಗಳ ಬಲವಿರುವುದು ಟೈರಿನ ಗಾತ್ರಕ್ಕಿಂತ ಹೆಚ್ಚಾಗಿ ಕೆಳಗೇರಿನ ಬಳಕೆಯಲ್ಲಿ, ಪ್ರತಿ ಕಲ್ಲನ್ನೂ ಬಲ್ಲ ಚಾಲಕನ ಕೈಯಲ್ಲಿ. ಹಣ ಖರ್ಚಿಲ್ಲದ ಇನ್ನೊಂದು ಉಪಾಯ ಗಾಳಿ ಇಳಿಸುವುದು. ಕಂಪನಿಯ ಟೈರಿನಲ್ಲೇ ಗಾಳಿಯನ್ನು 18–20 ಪೌಂಡಿಗೆ ಇಳಿಸಿ ನಿಧಾನವಾಗಿ ಸಾಗಿದರೆ ಹಿಡಿತ ಗಣನೀಯವಾಗಿ ಹೆಚ್ಚುತ್ತದೆ. ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸುವುದನ್ನು ಮಾತ್ರ ಮರೆಯಬಾರದು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರು ಕಾದು ಸಿಡಿದೀತು.

ಹಾದಿಯ ಹಿತವೂ ಇಲ್ಲಿ ಚರ್ಚೆಗೆ ಬರಬೇಕು. ಮಳೆಯಲ್ಲಿ ನೆನೆದ ಮಣ್ಣನ್ನು ದಪ್ಪ ಹಲ್ಲುಗಳು ಉತ್ತು ಹಾಕುತ್ತವೆ. ಆ ಗೆರೆಗಳಲ್ಲೇ ನೀರು ಹರಿದು ಹಾದಿ ಕೊರಕಲಾಗುತ್ತದೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದೊಳಗಿನ ಬೆಟ್ಟ. ದೊಡ್ಡ ಟೈರು ಹೋಗಬಲ್ಲ ಜಾಗವೆಲ್ಲ ಹೋಗಬಹುದಾದ ಜಾಗವಲ್ಲ ಎಂಬ ವಿವೇಕ ವಾರಾಂತ್ಯದ ಸವಾರರಲ್ಲಿ ಇನ್ನೂ ಬೆಳೆಯಬೇಕಿದೆ.

ಕಾನೂನಿನ ಗೋಜಲು

ಇಷ್ಟಕ್ಕೂ ಇದು ಕಾನೂನುಬದ್ಧವೇ? ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ತಯಾರಕರ ಮೂಲ ವಿವರಗಳನ್ನು ಬದಲಿಸಲಾಗದು, ರಾಜ್ಯದ ನಿಯಮಗಳಿಗಿಂತ ಕಾಯ್ದೆಯೇ ಮೇಲು ಎಂಬುದು ತೀರ್ಪಿನ ಸಾರ. ಅದೇ ವರ್ಷ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು.

ಇದು ಬರೀ ಕಾಗದದ ಮೇಲಿನ ಬೆದರಿಕೆಯಲ್ಲ. 2023ರ ಆರಂಭದಲ್ಲಿ ಶ್ರೀನಗರದ ಸಂಚಾರ ನ್ಯಾಯಾಲಯವು ಹಲವು ಬದಲಾವಣೆಗಳನ್ನು ಮಾಡಿಸಿಕೊಂಡ ಥಾರ್ ಮಾಲೀಕರೊಬ್ಬರನ್ನು ತಪ್ಪಿತಸ್ಥರೆಂದು ಘೋಷಿಸಿತು. ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಅವರು ಸೆರೆವಾಸದಿಂದ ಪಾರಾದರು. ವಾಹನವನ್ನು ಮೂಲ ಸ್ಥಿತಿಗೆ ತರುವಂತೆ ಆದೇಶವಾಯಿತು.

ಆದರೆ ಟೈರಿನ ಮಟ್ಟಿಗೆ ವಾದಕ್ಕೆ ಎಡೆಯಿದೆ. ಅದೇ 52ನೇ ಕಲಮಿನ ವಿವರಣೆಯ ಪ್ರಕಾರ, ‘ಮಾರ್ಪಾಡು’ ಎಂದರೆ ವಾಹನದ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ. ಟೈರು ಸವೆದಂತೆಲ್ಲ ಬದಲಾಯಿಸಬೇಕಾದ ವಸ್ತು. ಅದನ್ನು ರಚನೆ ಎನ್ನಬಹುದೇ? ನೋಂದಣಿಯ ನಮೂನೆಗಳು ಟೈರಿನ ಅಳತೆಯನ್ನು ಕೇಳುವುದು ಸಾಗಣೆ ವಾಹನಗಳಿಗೆ. ಖಾಸಗಿ ಜೀಪಿನ ನೋಂದಣಿ ಪತ್ರದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಪತ್ರದಲ್ಲೇ ಇಲ್ಲದ ವಿವರ ‘ಭಿನ್ನ’ವಾಗುವುದಾದರೂ ಹೇಗೆ ಎಂಬುದು ಮಾಲೀಕರ ಪರ ವಾದ. ಬ್ರೇಕು, ವೇಗಮಾಪಕ ಸಹಿತ ಇಡೀ ವಾಹನಕ್ಕೆ ಒಪ್ಪಿಗೆ ದೊರೆತಿರುವುದು ನಿರ್ದಿಷ್ಟ ಟೈರಿನೊಂದಿಗೆ, ಆದ್ದರಿಂದ ಅದೂ ತಯಾರಕರ ಮೂಲ ವಿವರವೇ ಎಂಬುದು ಎದುರು ವಾದ. ಎರಡರಲ್ಲೂ ಹುರುಳಿದೆ.

ವಾಹನದ ಮುಂಭಾಗಕ್ಕೆ ಹಾಕುವ ಕಬ್ಬಿಣದ ಕ್ರ್ಯಾಷ್ ಗಾರ್ಡುಗಳ ವಿಷಯದಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಅವು ಕಾನೂನುಬಾಹಿರ, ಕ್ರಮ ಕೈಗೊಳ್ಳಿ ಎಂದು ಸ್ಪಷ್ಟವಾಗಿ ಸೂಚಿಸಿತ್ತು. ಟೈರಿನ ವಿಷಯದಲ್ಲೂ ಎಷ್ಟು ಮಿಲಿಮೀಟರಿನವರೆಗೆ ಸರಿ, ಎಲ್ಲಿಂದಾಚೆ ತಪ್ಪು ಎಂದು ಗೆರೆ ಎಳೆದರೆ ಗೊಂದಲ ಅರ್ಧ ಕರಗುತ್ತದೆ. ಗೆರೆ ಇಲ್ಲದ ಕಡೆ ತೀರ್ಮಾನ ರಸ್ತೆಬದಿಯ ತಪಾಸಣೆಗೆ ಬಿಟ್ಟದ್ದಾಗುತ್ತದೆ. ಒಂದು ಊರಿನಲ್ಲಿ ದಂಡ ಕಟ್ಟಿದ ಜೀಪು ಇನ್ನೊಂದು ಊರಿನಲ್ಲಿ ನಿರಾತಂಕವಾಗಿ ಓಡುವುದು ಕಾನೂನಿನ ಗೌರವವನ್ನು ಹೆಚ್ಚಿಸುವಂಥದ್ದಲ್ಲ.

ಮೇಲಾಗಿ ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಅವಧಿ. ಅಷ್ಟರೊಳಗೆ ಹೊಗೆ ತಪಾಸಣೆ ಬಿಟ್ಟರೆ ಬ್ರೇಕು, ಸ್ಟೀರಿಂಗು, ಟೈರನ್ನು ಯಾರೂ ಕಡ್ಡಾಯವಾಗಿ ಪರೀಕ್ಷಿಸುವುದಿಲ್ಲ. ಅವೈಜ್ಞಾನಿಕವಾಗಿ ಎತ್ತರಿಸಿದ ವಾಹನ ತನ್ನ ಆಯುಷ್ಯದ ಬಹುಭಾಗವನ್ನು ಹಾಗೆಯೇ ಕಳೆಯಬಹುದು, ಅಪಘಾತವೊಂದು ಬಯಲಿಗೆಳೆಯುವ ತನಕ.

ವಿಮೆಯ ಪ್ರಶ್ನೆ

ಅಪಘಾತವಾದಾಗ ಮೊದಲು ಏಳುವ ಪ್ರಶ್ನೆ ವಿಮೆಯದು. ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದೊಡ್ಡಿ ಸ್ವಂತ ವಾಹನದ ಹಾನಿಯ ಕ್ಲೇಮನ್ನು ವಿಮಾ ಕಂಪನಿ ಪ್ರಶ್ನಿಸಬಹುದು. ಮೂರನೇ ವ್ಯಕ್ತಿಯ ಪರಿಹಾರದ ವಿಷಯ ಬೇರೆ. ಅದನ್ನು ತಪ್ಪಿಸಿಕೊಳ್ಳಲು ಕಾಯ್ದೆ ವಿಮಾ ಕಂಪನಿಗೆ ಬೆರಳೆಣಿಕೆಯ ಕಾರಣಗಳನ್ನಷ್ಟೇ ಕೊಟ್ಟಿದೆ. ಆದರೂ ಬದಲಾವಣೆಯನ್ನು ಬರಹದಲ್ಲಿ ತಿಳಿಸಿ, ಪಾಲಿಸಿಯಲ್ಲಿ ನಮೂದಿಸಿಕೊಳ್ಳುವುದು ಮಾಲೀಕರ ಹಿತಕ್ಕೇ ಒಳ್ಳೆಯದು. ವಾರಂಟಿಯೂ ಹೀಗೆಯೇ. ಸವೆದ ಬೇರಿಂಗು, ಸದ್ದು ಮಾಡುವ ಸ್ಟೀರಿಂಗಿಗೆ ದೊಡ್ಡ ಟೈರೇ ಕಾರಣವೆಂದು ಸರ್ವಿಸ್ ಕೇಂದ್ರ ಹೇಳಿದರೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ.

ಹೊರಗಿನ ಮಾದರಿ

ಎಲ್ಲವನ್ನೂ ನಿಷೇಧಿಸುವುದು ಅಥವಾ ಎಲ್ಲಕ್ಕೂ ಕಣ್ಣು ಮುಚ್ಚುವುದು, ಇವೆರಡೇ ದಾರಿಯಲ್ಲ. ಆಫ್‌ರೋಡ್ ವಾಹನಗಳು ಹೇರಳವಾಗಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಮಾರ್ಗಸೂಚಿಯು ಇಂತಹ ವಾಹನಗಳಿಗೆ ತಯಾರಕರು ಸೂಚಿಸಿದ ಅತಿ ದೊಡ್ಡ ಟೈರಿಗಿಂತ 50 ಮಿ.ಮೀ.ವರೆಗೆ ಹೆಚ್ಚಿನ ವ್ಯಾಸಕ್ಕೆ ಅವಕಾಶ ಕೊಡುತ್ತದೆ. ಸಾಮಾನ್ಯ ಕಾರಿಗೆ ಆ ಮಿತಿ 15 ಮಿ.ಮೀ. ಮಾತ್ರ. ಜರ್ಮನಿಯಲ್ಲಿ ಅಂಗೀಕೃತ ಪರೀಕ್ಷಕರು ಬದಲಾವಣೆಯನ್ನು ಪರಿಶೀಲಿಸಿ ಒಪ್ಪಿದರೆ ಅದನ್ನು ವಾಹನದ ದಾಖಲೆಯಲ್ಲೇ ಬರೆಯಲಾಗುತ್ತದೆ.

ಆಸ್ಟ್ರೇಲಿಯಾದ ಅಳತೆಗೋಲನ್ನು ಇಲ್ಲಿನ ಉದಾಹರಣೆಗಳಿಗೆ ಹಿಡಿದರೆ ಕುತೂಹಲಕಾರಿ ಚಿತ್ರ ಕಾಣುತ್ತದೆ. ಜಿಮ್ನಿಯ 40 ಮಿ.ಮೀ., ಥಾರ್‌ನ 39 ಮಿ.ಮೀ. ಹೆಚ್ಚಳಗಳು ವ್ಯಾಸದ ಮಟ್ಟಿಗೆ ಆ ಮಿತಿಯೊಳಗೇ ಬರುತ್ತವೆ. ಥಾರ್‌ಗೆ 35 ಅಂಗುಲದ ಟೈರು ಹಾಕಿದರೆ ಹೆಚ್ಚಳ 100 ಮಿ.ಮೀ. ಮುಟ್ಟುತ್ತದೆ, ಅದು ಯಾವ ಲೆಕ್ಕದಲ್ಲೂ ಮಿತಿ ಮೀರಿದ್ದು. ನಮ್ಮ ಕಾನೂನಿನ ಕೊರತೆ ಇಲ್ಲಿ ಎದ್ದು ಕಾಣುತ್ತದೆ. ಎಚ್ಚರಿಕೆಯಿಂದ ಒಂದು ಅಳತೆ ಮೇಲೇರಿದವನಿಗೂ, ವಾಹನವನ್ನು ಅಟ್ಟದಂತೆ ಎತ್ತರಿಸಿದವನಿಗೂ ನಡುವೆ ವ್ಯತ್ಯಾಸ ಗುರುತಿಸುವ ಸಾಧನ ಅದರ ಬಳಿ ಇಲ್ಲ.

ಮುಂದೇನು?

ಪರಿಹಾರ ಬಹಳ ದೂರದಲ್ಲಿಲ್ಲ. ತಯಾರಕರು ತಮ್ಮ ಪ್ರತಿ ಆಫ್‌ರೋಡ್ ವಾಹನಕ್ಕೆ ಪರೀಕ್ಷಿಸಿದ ಪರ್ಯಾಯ ಟೈರುಗಳ ಪಟ್ಟಿಯನ್ನು ಪ್ರಕಟಿಸುವಂತೆ, ಅದಕ್ಕೆ ತಕ್ಕಂತೆ ವೇಗಮಾಪಕವನ್ನು ಹೊಂದಿಸಿಕೊಡುವಂತೆ ಸರ್ಕಾರ ಸೂಚಿಸಬಹುದು. ಪಟ್ಟಿಯಲ್ಲಿರುವ ಅಳತೆಯನ್ನು ಆರ್‌ಟಿಒ ಕಚೇರಿಯಲ್ಲಿ ಸಣ್ಣ ಶುಲ್ಕಕ್ಕೆ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳುವ ವ್ಯವಸ್ಥೆಯಿದ್ದರೆ ಪೊಲೀಸರಿಗೂ ಗೊಂದಲವಿಲ್ಲ, ವಿಮಾ ಕಂಪನಿಗೂ ನೆಪವಿಲ್ಲ. ಇಂಧನದ ಕಿಟ್ ಅಳವಡಿಸಿದಾಗ ಇದೇ ರೀತಿಯ ನಮೂದು ಈಗಾಗಲೇ ರೂಢಿಯಲ್ಲಿದೆ. ಟೈರಿಗೂ ಅದು ಅಸಾಧ್ಯವೇನಲ್ಲ.

ಅಲ್ಲಿಯವರೆಗೆ ಮಾಲೀಕರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ವರ್ಷದಲ್ಲಿ ಎಷ್ಟು ದಿನ ಜೀಪು ಡಾಂಬರು ಬಿಟ್ಟು ಇಳಿಯುತ್ತದೆ? ಹತ್ತು ದಿನವೂ ಇಲ್ಲವೆಂದಾದರೆ ಕಂಪನಿಯ ಅಳತೆಯಲ್ಲೇ ಎಲ್ಲ ರಸ್ತೆಗೂ ಸಲ್ಲುವ ಮಧ್ಯಮ ಹಲ್ಲಿನ ಟೈರು, ಒಂದು ಗಾಳಿ ಪಂಪು, ಎಳೆಯುವ ಹಗ್ಗ ಸಾಕು. ನಿಜವಾಗಿಯೂ ದೊಡ್ಡದು ಬೇಕೆಂದಾದರೆ ತಯಾರಕರು ಅದೇ ವಾಹನಕ್ಕೆ ಕೊಟ್ಟ ದೊಡ್ಡ ಅಳತೆಯನ್ನು ಮೊದಲು ವಿಚಾರಿಸುವುದು ಕ್ಷೇಮ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸ್ಪ್ರಿಂಗು ಪೂರ್ತಿ ಕುಸಿದಾಗಲೂ ಟೈರು ಎಲ್ಲಿಯೂ ತಾಗದೆಂಬುದನ್ನು ಖಚಿತಪಡಿಸಿಕೊಳ್ಳದೆ ಹೆದ್ದಾರಿಗೆ ಇಳಿಯಬಾರದು.

ಕಾಡುಹಾದಿಯಲ್ಲಿ ಸಿಕ್ಕಿಕೊಂಡ ಜೀಪನ್ನು ಇನ್ನೊಂದು ಜೀಪು ಎಳೆದು ತೆಗೆಯುತ್ತದೆ. ಆಗುವ ನಷ್ಟವೆಂದರೆ ಒಂದೆರಡು ಗಂಟೆ ಮತ್ತು ಒಂದಿಷ್ಟು ಮರ್ಯಾದೆ. ಮಳೆ ಬಿದ್ದ ಹೆದ್ದಾರಿಯಲ್ಲಿ ನಾಲ್ಕು ಅಡಿ ತಡವಾಗಿ ನಿಂತ ಜೀಪಿನ ಮುಂದೆ ಇರುವವರು ದೊಡ್ಡ ಟೈರನ್ನು ಬಯಸಿದವರಲ್ಲ. ಟೈರು ಅಂಗಡಿಯಲ್ಲಿ ಬೆಲೆ ಕೇಳುವಾಗ ಅವರ ಲೆಕ್ಕವೂ ಸೇರಬೇಕು.